ಕರಿಕೋಟು ಮತ್ತು ನಾಲ್ಕನೇ ಕಾಲಂ

"ಕೊನೇ ಭಾಗ ನೀನಿಲ್ಲದೆ ಆಡಲ್ಲ ಅಕ್ಕ. ಆಡೋದಿರಲಿ, ನೋಡೋದೂ ಇಲ್ಲ."

ಹೀಗೆಂದು ಮಾತು ಕೊಟ್ಟಾಗ ಕೊಡೆಯಣ್ಣನಿಗೆ ಹದಿಮೂರು ವರ್ಷ. ಅಕ್ಕನಿಗೆ ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಅವಳು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು, ಇವನು ಕೆಳಗೆ ನಿಂತಿದ್ದ. ಅವಳು ಕಿಟಕಿಯಿಂದ ಕೈ ಚಾಚಿ ಇವನ ತಲೆಗೊಂದು ಮೊಟಕಿ, "ನೋಡೋಣ, ಎಷ್ಟು ದಿನ ತಡ್ಕೋತೀಯ" ಎಂದಳು. ಬಸ್ಸು ಹೊರಟಿತು.

ಆ ಮಾತನ್ನು ಅವನು ಇಪ್ಪತ್ತಾರು ವರ್ಷ ಕಾಪಾಡಿದ. ಇದರಲ್ಲಿ ಅವನ ಶ್ರಮ ಏನೇನೂ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇಬ್ಬರೂ ಸೇರಿ ಆಡುತ್ತಿದ್ದ ವಿಡಿಯೋ ಗೇಮಿನ ಡಿಸ್ಕಿನ ಮೇಲೆ ಗೀರು ಬಿದ್ದಿತ್ತು. ಕೊನೆಯ ಗೋಪುರದ ಬಾಗಿಲು ಇನ್ನೇನು ತೆರೆಯಬೇಕು ಎನ್ನುವಾಗ ಟೀವಿ ಕಲ್ಲಾಗಿ ನಿಲ್ಲುತ್ತಿತ್ತು. ಮಾತು ಮುರಿಯಬೇಕೆಂದು ಅವನು ಅದೇ ವಾರ ಹನ್ನೊಂದು ಸಲ ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದ.

ಆಟದ ನಿಜವಾದ ಹೆಸರು ಡಬ್ಬಿಯ ಮೇಲೆ ಯಾವುದೋ ದೂರದ ಲಿಪಿಯಲ್ಲಿತ್ತು. ಓದಲು ಬಾರದ ಇಬ್ಬರೂ ಅದಕ್ಕೆ ಕರಿಕೋಟು ಎಂದು ಹೆಸರಿಟ್ಟಿದ್ದರು. ಕಪ್ಪು ಕೋಟು ತೊಟ್ಟ ಉದ್ದನೆಯ ಮನುಷ್ಯನೊಬ್ಬ, ಸೂರ್ಯ ಮುಳುಗುತ್ತಲೇ ಇದ್ದು ಎಂದೂ ಪೂರ್ತಿ ಮುಳುಗದ ನಗರದಲ್ಲಿ, ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾ ಹೋಗುತ್ತಾನೆ. ಯಾಕೆ ಹಾರುತ್ತಾನೆ, ಯಾರನ್ನು ಹುಡುಕುತ್ತಾನೆ ಎಂಬುದು ಆ ಭಾಷೆ ಬಲ್ಲವರಿಗೇ ಗೊತ್ತು. ಆದರೆ ಹಾರುವ ಚಂದವೇ ಚಂದ. ಕೋಟಿನ ಅಂಚು ಗಾಳಿಗೆ ಬಿಚ್ಚಿಕೊಂಡು, ಅವನು ಇಳಿದ ಮೇಲೆ ತಾನೂ ನಿಧಾನವಾಗಿ ಇಳಿಯುತ್ತದೆ. ಹಿಂದೆ ಎಲ್ಲೋ ಒಂದು ತುತ್ತೂರಿ ಸಣ್ಣಗೆ ಅಳುತ್ತದೆ. ಹನ್ನೆರಡನೇ ಮಹಡಿಯಿಂದ ಬಿದ್ದು ಸಾಯುವಾಗಲೂ ಆಸಾಮಿ ಟೋಪಿ ತೆಗೆದು ಎದೆಗಿಟ್ಟುಕೊಂಡೇ ಸಾಯುತ್ತಾನೆ.

ಸಾಯುವುದು ಮಾತ್ರ ವಿಪರೀತ. ಆಟ ಮಾಡಿದವರು ಕೋಟಿಗೆ ಕೊಟ್ಟ ಗಮನದಲ್ಲಿ ಕಾಲುಪಾಲನ್ನೂ ಉಳಿದದ್ದಕ್ಕೆ ಕೊಟ್ಟಿರಲಿಲ್ಲ. ಪ್ರತಿ ಜಿಗಿತದ ನಂತರ ಅವನು ನಿಂತು ಕಾಲರ್ ಸರಿಮಾಡಿಕೊಳ್ಳುತ್ತಾನೆ. ಸುತ್ತ ನಾಲ್ಕು ಜನ ಪಿಸ್ತೂಲು ಹಿಡಿದು ನಿಂತಿದ್ದರೂ ಸರಿಯೇ, ಕಾಲರ್ ಕೆಲಸ ಮುಗಿಯುವ ತನಕ ಯಾವ ಗುಂಡಿ ಒತ್ತಿದರೂ ಕೇಳುವುದಿಲ್ಲ. ಮೆಟ್ಟಿಲು ಕಂಡರೆ ಎಡವುತ್ತಾನೆ. ಎಲ್ಲಕ್ಕಿಂತ ದೊಡ್ಡ ಪೀಡೆ ಅದರ ಕ್ಯಾಮೆರಾ. ಸುಮ್ಮನೆ ನಡೆಯುವಾಗ ಊರನ್ನೆಲ್ಲ ತೋರಿಸುವ ಅದು, ಪ್ರಾಣ ಹೋಗುವ ಜಿಗಿತ ಬಂತೆಂದರೆ ಮುನಿಸಿಕೊಂಡ ಅಳಿಯನ ಹಾಗೆ ಗೋಡೆಯ ಕಡೆ ತಿರುಗಿ ನಿಲ್ಲುತ್ತದೆ.

ಅಲ್ಲಿ ಅಕ್ಕ ಬೇಕಾಗುತ್ತಿದ್ದಳು. ಅವಳು ಒಂದು ದಿನವೂ ಗುಂಡಿ ಮುಟ್ಟಿದವಳಲ್ಲ. ಪಕ್ಕದಲ್ಲಿ ಕೂತು, ನರ್ಸಿಂಗ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದೊಂದು ಮಾಳಿಗೆಯ ನಕ್ಷೆ ಬರೆದುಕೊಂಡು, ಗೋಡೆ ಬಂದ ಕೂಡಲೇ "ಮೂರು ಹೆಜ್ಜೆ ಎಡಕ್ಕೆ. ತಡಿ. ಈಗ ಹಾರು" ಎನ್ನುತ್ತಿದ್ದಳು. ಅವನು ಗೋಡೆ ನೋಡುತ್ತಲೇ ಹಾರುತ್ತಿದ್ದ. ಬೀಳುತ್ತಿರಲಿಲ್ಲ.

ಕೊಡೆಯಣ್ಣ ದೊಡ್ಡವನಾಗಿ ಬಸ್ ನಿಲ್ದಾಣದ ಕಳೆದುಹೋದ ವಸ್ತುಗಳ ವಿಭಾಗದಲ್ಲಿ ಗುಮಾಸ್ತನಾದ. ಜನ ಬಸ್ಸಿನಲ್ಲಿ ಮರೆಯುವುದರಲ್ಲಿ ಮುಕ್ಕಾಲು ಪಾಲು ಕೊಡೆ. ಬೀದಿಯವರು ಕೊಟ್ಟ ಹೆಸರು ಅದರಿಂದ ಬಂದದ್ದು. ಈ ಕೆಲಸ ಅವನಿಗೆ ಎರಡು ಚಟ ಅಂಟಿಸಿತ್ತು. ಒಂದು, ಕಂಡದ್ದಕ್ಕೆಲ್ಲ ಚೀಟಿ ಕಟ್ಟುವುದು. ಇನ್ನೊಂದು, ಮಾತನ್ನು ಅರ್ಧಕ್ಕೆ ಬಿಡುವುದು. ಕೌಂಟರಿಗೆ ಬರುವವರೆಲ್ಲ ಗಾಬರಿಯಲ್ಲಿರುತ್ತಾರೆ. ಇವನು "ನಿಮ್ಮ ಚೀಲ..." ಎನ್ನುವಷ್ಟರಲ್ಲಿ "ನೀಲಿ, ಎರಡು ಹಿಡಿ, ಒಳಗೆ ಟವೆಲ್ಲು" ಎಂದು ಅವರೇ ಮುಗಿಸುತ್ತಾರೆ. ಹದಿನೇಳು ವರ್ಷ ಹೀಗೆ ನಡೆದು, ಶುರುಮಾಡಿದ ವಾಕ್ಯವನ್ನು ಮುಗಿಸುವ ಜವಾಬ್ದಾರಿ ತನ್ನದು ಎಂಬುದೇ ಅವನಿಗೆ ಮರೆತುಹೋಗಿತ್ತು. ಮುಂದೆ ಆದ ಅನಾಹುತಕ್ಕೆಲ್ಲ ಇದೇ ಬೀಜ.

ವರ್ಷ ಕಳೆದರೂ ಯಾರೂ ಕೇಳದ ವಸ್ತುಗಳನ್ನು ವಿಭಾಗದವರು ಆಳಿಗೊಂದರಂತೆ ಮನೆಗೆ ಒಯ್ಯಬಹುದು ಎಂಬ ನಿಯಮವಿತ್ತು. ಆ ಶುಕ್ರವಾರ ಚರ್ಮದ ಸೂಟ್‌ಕೇಸು, ರೇಡಿಯೋ, ಹೊಚ್ಚಹೊಸ ಬೂಟು ಎಲ್ಲ ಮೇಜಿನ ಮೇಲಿದ್ದವು. ಕೊಡೆಯಣ್ಣ ಇವೆಲ್ಲದರ ಅಡಿಯಿಂದ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ಎಳೆದ. ಮುಚ್ಚಳದ ಮೇಲೆ ಕಪ್ಪು ಕೋಟಿನವನು ಬೆನ್ನು ತಿರುಗಿಸಿ ನಿಂತಿದ್ದ.

"ಅಲ್ರೀ, ಅಲ್ಲಿ ಸೂಟ್‌ಕೇಸು ಬಿಟ್ಟು ಇದನ್ನ ತಗೋತೀರಲ್ಲ" ಎಂದರು ಮೇಲಧಿಕಾರಿ.

"ಇದು ನಮ್ಮಕ್ಕ..."

"ಆಯ್ತು ಬಿಡಿ, ನನಗೆ ಆ ಸೂಟ್‌ಕೇಸು ಆಗುತ್ತೆ" ಎಂದು ಅವರು ವಾಕ್ಯವನ್ನು ತಮಗೆ ಅನುಕೂಲವಾಗುವಂತೆ ಮುಗಿಸಿದರು.

ಅಂದು ಸಂಜೆಯೇ ಅವನು ಅಕ್ಕನಿಗೆ ಫೋನು ಮಾಡಿದ. ಅಕ್ಕ ಈಗ ಹೆಡ್ ನರ್ಸು. ಇಪ್ಪತ್ತಾರು ವರ್ಷಗಳಲ್ಲಿ ತಮ್ಮನ ಮನೆಗೆ ಬಂದದ್ದು ಬೆರಳೆಣಿಕೆಯಷ್ಟು ಸಲ, ಅದೂ ಗಂಟೆಯ ಲೆಕ್ಕದಲ್ಲಿ.

"ಗೀರಿಲ್ವಾ?" ಎಂದಳು.

"ಒಂದೂ ಇಲ್ಲ."

ಆ ಕಡೆ ಡೈರಿಯ ಹಾಳೆ ತಿರುವಿದ ಸದ್ದು. "ಮುಂದಿನ ಶನಿವಾರ ಆ ಕಡೆ ಟ್ರೈನಿಂಗ್ ಇದೆ. ಒಂದು ಗಂಟೆಗೆ ಬರ್ತೀನಿ, ಆರಕ್ಕೆ ಬಸ್ಸು. ಅದು ತಪ್ಪಿದರೆ ಮತ್ತೆ ಯಾವ ವರ್ಷಾನೋ. ನೀನು ಗೋಪುರದ ಬಾಗಿಲ ತನಕ ಬಂದಿರು. ಒಳಗೆ ಕಾಲಿಟ್ಟೆಯೋ, ಆ ಕಾಲು ನಾನೇ ಮುರೀತೀನಿ. ಬ್ಯಾಂಡೇಜೂ ನಾನೇ ಹಾಕ್ತೀನಿ."

ಅಟ್ಟದ ಡಬ್ಬಿಯಲ್ಲಿ ಹಳೆಯ ಯಂತ್ರ ಸುರಕ್ಷಿತವಾಗಿತ್ತು. ಆಟ ಎಲ್ಲಿಗೆ ಬಂತೆಂದು ನೆನಪಿಟ್ಟುಕೊಳ್ಳಲು ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಾರ್ಡು ಬೇಕು. ಅದು ಮಾತ್ರ ಯಾವ ಕಾಲದಲ್ಲೋ ಸತ್ತಿತ್ತು. ಅಂಥದ್ದು ಈಗ ಯಾವ ಅಂಗಡಿಯಲ್ಲೂ ಇಲ್ಲ. ಅಂದರೆ ಯಂತ್ರವನ್ನು ಆಫ್ ಮಾಡಿದರೆ ಕರಿಕೋಟಿನವನು ಮೊದಲ ಮಾಳಿಗೆಗೆ ವಾಪಸು. ಬಾಗಿಲ ತನಕ ಬರಲು ಹದಿನಾಲ್ಕು ಗಂಟೆ ಬೇಕು, ಅಕ್ಕನಿಗೆ ಇರುವುದು ಐದು.

ಆದ್ದರಿಂದ ಕೊಡೆಯಣ್ಣ ಭಾನುವಾರ ಶುರುಮಾಡಿ, ಸಿಕ್ಕ ಸಿಕ್ಕ ಹೊತ್ತಿನಲ್ಲಿ ಆಡಿ, ಕ್ಯಾಮೆರಾಕ್ಕೆ ಬೈದು, ಮಂಗಳವಾರ ಬೆಳಗ್ಗೆ ಗೋಪುರದ ಬಾಗಿಲಿಗೆ ಬಂದು, ಆಟವನ್ನು ಅಲ್ಲೇ ತಡೆದು ನಿಲ್ಲಿಸಿದ. ಟೀವಿ ಆಫ್ ಮಾಡಿದ. ಯಂತ್ರ ಗುರ್ ಎನ್ನುತ್ತಲೇ ಇತ್ತು. ಬಿಸಿಯಾಗದಿರಲೆಂದು ಅದನ್ನು ತಂತಿ ಕೀಳದೆ, ಟೀವಿಯಿದ್ದ ಒಳಕೋಣೆಯ ಮಂಚದ ಮೇಲೆ, ಕಿಟಕಿಯ ಗಾಳಿಗೆ ಇಟ್ಟು, ಎದುರಿಗೆ ಟೇಬಲ್ ಫ್ಯಾನು ತಿರುಗಿಸಿದ. ದೂಳು ಬೀಳದಿರಲೆಂದು ನಾಲ್ಕು ಕೊಡೆ ಮಲಗಿಸಿ ಅವುಗಳ ಮೇಲೆ ಉದ್ದಕ್ಕೂ ಬಿಳಿ ಹೊದಿಕೆ ಎಳೆದ. ಆಮೇಲೆ ಅಭ್ಯಾಸದಂತೆ ಒಂದು ಚೀಟಿ ಬರೆದು ಮಂಚದ ಕಾಲಿಗೆ ಕಟ್ಟಿದ.

ಸ್ಥಿತಿ: ಸೂಕ್ಷ್ಮ. ಯಂತ್ರವನ್ನು ಯಾರೂ ಆಫ್ ಮಾಡಬಾರದು. ಆಫ್ ಆದರೆ ಉಳಿಯುವುದಿಲ್ಲ. ವಾರಸುದಾರರು: ಅಕ್ಕ.

ಅವನ ಹೆಂಡತಿ ದಂತವೈದ್ಯರೊಬ್ಬರ ಬಳಿ ಚೀಟಿ ಕೊಟ್ಟು ಜನರನ್ನು ಒಳಗೆ ಕಳಿಸುವ ಕೆಲಸದಲ್ಲಿದ್ದಳು. ಅವಳು ಹೊರಡುವಾಗ ಬಾಗಿಲಲ್ಲಿ ನಿಂತು ಈ ವ್ಯವಸ್ಥೆಯನ್ನು ನೋಡಿ, "ಮಗಳಿಗೆ ಜ್ವರ ಬಂದಾಗಲೂ ಇಷ್ಟು ಮಾಡಿರಲಿಲ್ಲ ರೀ ನೀವು" ಎಂದಷ್ಟೇ ಹೇಳಿ ಹೋದಳು.

ಅವಳು ಹೋದ ಹತ್ತು ನಿಮಿಷಕ್ಕೆ ಬೀದಿಯಲ್ಲಿ ಒಂದು ಪ್ರಕಟಣೆ ಅಂಟಿಸಿದರು. ಮರುದಿನ ತಂತಿ ಬದಲಾಯಿಸುವ ಕೆಲಸ, ಹತ್ತರಿಂದ ನಾಲ್ಕರ ತನಕ ಕರೆಂಟು ಇಲ್ಲ.

ಕೊಡೆಯಣ್ಣ ಮುಖ ತೊಳೆಯದೆ ಕರೆಂಟ್ ಆಫೀಸಿಗೆ ಓಡಿದ.

ಅಲ್ಲಿನ ಸಾಹೇಬರು ಒಳ್ಳೆಯವರು, ಆದರೆ ಫಾರಂ ಇಲ್ಲದೆ ಒಳ್ಳೆಯತನ ತೋರಿಸುವ ಅಧಿಕಾರ ಅವರಿಗೆ ಇರಲಿಲ್ಲ. ವಿನಾಯಿತಿ ಅರ್ಜಿಯನ್ನು ಮುಂದಿಟ್ಟರು. "ಕರೆಂಟು ತೆಗೀಬಾರದು ಅನ್ನೋಕೆ ನಾಲ್ಕೇ ಕಾರಣ. ಒಂದು ಆಸ್ಪತ್ರೆ. ಎರಡು ನೀರಿನ ಪಂಪು. ಮೂರು ಶೀತಲ ಗೋದಾಮು. ನಾಲ್ಕು, ಮನೆಯಲ್ಲಿ ಯಂತ್ರದ ಆಧಾರದಲ್ಲಿರುವ ರೋಗಿ. ನಿಮ್ಮದು ಯಾವುದು?"

ಮೂವತ್ತೊಂಬತ್ತು ವರ್ಷದ, ಒಂದು ಮಗುವಿನ ತಂದೆ, ಸಾಹೇಬರ ಕಣ್ಣಲ್ಲಿ ಕಣ್ಣಿಟ್ಟು ತನ್ನದು ವಿಡಿಯೋ ಗೇಮು ಎಂದು ಹೇಳುವುದು ಹೇಗೆ? ಅಷ್ಟು ಮರ್ಯಾದೆ ಅವನಿಗೂ ಇತ್ತು.

"ಐದನೇದು ಯಾವುದಾದರೂ..." ಎಂದ.

"ಐದನೇದು ಇಲ್ಲ. ಮನೇಲಿ ಯಂತ್ರ ಏನಾದರೂ ಓಡ್ತಾ ಇದೆಯಾ?"

"ಓಡ್ತಾ ಇದೆ ಸಾರ್. ನಿಂತರೆ ಎಲ್ಲಾ ಹೋಯ್ತು. ಶನಿವಾರ ಅಕ್ಕ..."

ಸಾಹೇಬರು ಅವನನ್ನು ನೋಡಿದರು. ಎರಡು ದಿನ ನಿದ್ದೆಗೆಟ್ಟ ಕಣ್ಣು, ಕುರುಚಲು ಗಡ್ಡ, ನಡುಗುವ ಹೆಬ್ಬೆರಳು. ಹೆಬ್ಬೆರಳು ಗುಂಡಿ ಒತ್ತಿ ಒತ್ತಿ ನಡುಗುತ್ತಿತ್ತು. ಅವರು ಕೈ ಎತ್ತಿದರು. "ಬೇಡಿ. ಹೇಳಬೇಡಿ. ನನಗೆ ಅರ್ಥ ಆಯ್ತು." ನಾಲ್ಕನೇ ಕಾಲಂಗೆ ತಾವೇ ಗುರುತು ಹಾಕಿ, ರೋಗಿಯ ಸಂಬಂಧ ಎಂಬಲ್ಲಿ 'ಅಕ್ಕ' ಎಂದು ಬರೆದು, "ಶನಿವಾರ ನಾಲ್ಕರ ತನಕ ಒಂದು ನಿಮಿಷಾನೂ ಕರೆಂಟು ಹೋಗಲ್ಲ. ಅಷ್ಟರೊಳಗೆ ಅವರನ್ನ ಆಸ್ಪತ್ರೆಗೆ ಸಾಗಿಸೋಕೆ ನಾನೇ ವ್ಯಾನು ಹೇಳ್ತೀನಿ. ಸಹಿ ಹಾಕಿ" ಎಂದರು.

ಇಲ್ಲಿ ಒಂದು ಪೂರ್ತಿ ವಾಕ್ಯ ಹೇಳಿದ್ದರೆ ಕಥೆ ಮುಗಿಯುತ್ತಿತ್ತು. ಕೊಡೆಯಣ್ಣ ಸಹಿ ಹಾಕಿದ.

ಸಂಜೆಯೊಳಗೆ ಹಳೆಯ ಪ್ರಕಟಣೆಯ ಮೇಲೆ ಹೊಸದು ಬಿತ್ತು. ಸದರಿ ಬೀದಿಯ ಮನೆಯೊಂದರಲ್ಲಿ ರೋಗಿಯೊಬ್ಬರು ಯಂತ್ರದ ಆಧಾರದಲ್ಲಿರುವ ಕಾರಣ ಕಾಮಗಾರಿಯನ್ನು ಮುಂದೂಡಲಾಗಿದೆ. ಕೆಳಮನೆಯ ನಿವೃತ್ತ ಹೆಡ್‌ಮೇಷ್ಟ್ರು ಇದನ್ನು ಎರಡು ಸಲ ಓದಿದರು. ಬೀದಿಯ ಒಂದೊಂದು ಮನೆಯ ಹಾಜರಿಯೂ ಅವರ ತಲೆಯಲ್ಲಿತ್ತು, ಆದರೆ ಅದರಲ್ಲಿ ಇಂಥ ರೋಗಿ ಇರಲಿಲ್ಲ. ವಿಚಾರಣೆ ಮಾಡುತ್ತಾ ಬಂದು ಕೊಡೆಯಣ್ಣನ ಒಳಕೋಣೆಯ ಬಾಗಿಲಲ್ಲಿ ನಿಂತರು. ಮಂಚ, ಬಿಳಿ ಹೊದಿಕೆ, ಅದರ ಕೆಳಗೆ ಕೃಶವಾದ ಒಂದು ಆಕಾರ, ಗುರ್ ಎನ್ನುವ ಸದ್ದು. ಬಗ್ಗಿ ಚೀಟಿ ಓದಿದರು.

"ಅಕ್ಕನಾ?" ಎಂದರು ಪಿಸುದನಿಯಲ್ಲಿ.

"ಅಕ್ಕಂದೇ ಸಾರ್. ಆದರೆ ಅದು..."

ಮೇಷ್ಟ್ರು ಅವನ ಭುಜ ಹಿಡಿದು ಅದುಮಿ, ಹಿಂದಕ್ಕೆ ಹೆಜ್ಜೆಯಿಡುತ್ತಾ ಹೊರಟುಹೋದರು.

ಬುಧವಾರದಿಂದ ಬೀದಿ ಮೌನವಾಯಿತು. ದಿನಾ ಎಂಟಕ್ಕೆ ಕೂಗುತ್ತಾ ಬರುತ್ತಿದ್ದ ತರಕಾರಿಯಮ್ಮ ಈಗ ಬದನೆಕಾಯಿ ಎತ್ತಿ ತೋರಿಸಿ, ಎಷ್ಟು ಬೇಕೆಂದು ಬೆರಳಲ್ಲಿ ಕೇಳತೊಡಗಿದಳು. ಎದುರು ಮನೆಯಲ್ಲಿ ಡ್ರಮ್ ಕಲಿಸುವ ಯುವಕ ಶಿಷ್ಯರಿಗೆಲ್ಲ ದಿಂಬು ಬಾರಿಸಲು ಹೇಳಿದ. ಹೆಡ್‌ಮೇಷ್ಟ್ರು ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಗಟ್ಟಿಯಾಗಿ ನಡೆದವರನ್ನು ಕಣ್ಣಲ್ಲೇ ಸುಡುತ್ತಿದ್ದರು. ಬೆಳಗ್ಗೆ ಬಾಗಿಲು ತೆರೆದರೆ ಹೊಸಲಿನ ಮೇಲೆ ಹಣ್ಣು, ಬಿಸಿ ಸೂಪಿನ ಪಾತ್ರೆ, ಒಗೆದು ಮಡಿಸಿದ ಹೊದಿಕೆ. ಮಗಳಿಗೆ ಶಾಲೆಯಲ್ಲಿ ಮನೆಗೆಲಸ ಮಾಫಿಯಾಯಿತು. ಅವಳು ಮಾತ್ರ ಈ ದುಃಖವನ್ನು ಬಹಳ ಧೈರ್ಯದಿಂದ ಎದುರಿಸಿದಳು.

ಕೊಡೆಯಣ್ಣ ನಿಜ ಹೇಳಲು ಹೊರಡಲಿಲ್ಲ ಎಂದಲ್ಲ. ಗುರುವಾರ ತರಕಾರಿಯಮ್ಮನ ಹತ್ತಿರ "ಅಮ್ಮಾ, ನಮ್ಮಕ್ಕನಿಗೆ ನಿಜವಾಗಿ..." ಎಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬುಟ್ಟಿಯಲ್ಲಿದ್ದ ಕ್ಯಾರೆಟ್ಟನ್ನೆಲ್ಲ ಅವನ ಚೀಲಕ್ಕೆ ಸುರಿದಳು. ಶುಕ್ರವಾರ ಮೇಲಧಿಕಾರಿಗೆ "ಸಾರ್, ಅದು ಮನುಷ್ಯ ಅಲ್ಲ..." ಎಂದ. "ಗೊತ್ತು ರೀ. ಆ ಸ್ಥಿತಿಗೆ ಹೋದಮೇಲೆ ಮನುಷ್ಯ ಮನುಷ್ಯನಾಗಿ ಎಲ್ಲಿರ್ತಾನೆ" ಎಂದು ಅವರು ಕನ್ನಡಕ ಒರೆಸಿಕೊಂಡರು. ಮಧ್ಯಾಹ್ನ ವಿಭಾಗದ ತಳ್ಳುಗಾಡಿಯಲ್ಲಿ ಒಂದು ಚಕ್ರದ ಕುರ್ಚಿ ಮನೆಗೆ ಬಂತು. ಎರಡು ವರ್ಷದ ಹಿಂದೆ ಬಸ್ಸಿನಲ್ಲಿ ಯಾರೋ ಬಿಟ್ಟುಹೋದದ್ದು. ಅದರಲ್ಲಿ ಬಂದವನು ಅದನ್ನು ಮರೆತು ಹೇಗೆ ಹೋದ ಎಂಬುದು ಇಲಾಖೆಗೆ ಇಂದಿಗೂ ತಿಳಿದಿಲ್ಲ.

"ನೀವು ಹೇಳ್ತೀರೋ ನಾನು ಹೇಳಲೋ?" ಎಂದು ಹೆಂಡತಿ ಬುಧವಾರ ಕೇಳಿದ್ದಳು. ಗುರುವಾರ ದಂತವೈದ್ಯರು ಅವಳನ್ನೂ ಮಧ್ಯಾಹ್ನವೇ ಮನೆಗೆ ಕಳಿಸಿದರು. ಬಂದವಳು ಸುಮ್ಮನೆ ಮಲಗಿ ಎರಡು ಗಂಟೆ ನಿದ್ದೆ ಮಾಡಿದಳು. ಮಗಳು ಹುಟ್ಟಿದ ಮೇಲೆ ಹಗಲಲ್ಲಿ ಅವಳ ಮೊದಲ ನಿದ್ದೆ ಅದು. ಕುಕ್ಕರ್ ಸದ್ದಿಲ್ಲ, ಡ್ರಮ್ ಇಲ್ಲ, ಬಾಗಿಲು ಬಡಿಯುವವರಿಲ್ಲ. ಎದ್ದು ಮುಖ ತೊಳೆದು, "ಶನಿವಾರದ ತನಕ ತಾನೇ, ಇರಲಿ ಬಿಡಿ" ಎಂದಳು.

ಶನಿವಾರ ಟ್ರೈನಿಂಗ್ ಮುಗಿಯುವುದು ತಡವಾಗಿ, ಒಂದರ ಬದಲು ಎರಡು ಗಂಟೆಗೆ ಅಕ್ಕ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಗೇಟಿಗೆ ಬಂದಳು. ಮೇಷ್ಟ್ರು ಎದ್ದು ಅಡ್ಡ ನಿಂತರು.

"ಯಾರು ಬೇಕಾಗಿತ್ತು?"

"ಮೇಲ್ಗಡೆ ನಮ್ಮ ತಮ್ಮನ ಮನೆ. ಯಾಕೆ ಸಾರ್ ಪಿಸುಗುಟ್ತೀರಿ? ಗಂಟಲು ನೋವಾ?"

"ಮೆಲ್ಲಗಮ್ಮ. ಒಳಗೆ ರೋಗಿ ಇದ್ದಾರೆ. ಯಂತ್ರದ ಮೇಲೆ."

ಅಕ್ಕನ ಹೆಗಲಿನ ಚೀಲ ಜಾರಿತು. "ಯಾರು? ಮಗೂಗೇನಾದರೂ..."

"ಇಲ್ಲ ಇಲ್ಲ. ಅವರಕ್ಕ."

ಅಕ್ಕ ಚೀಲವನ್ನು ಮತ್ತೆ ಹೆಗಲಿಗೇರಿಸಿದಳು. "ಅವನಿಗೆ ಇರೋಳು ಒಬ್ಬಳೇ ಅಕ್ಕ ಸಾರ್."

"ಹೌದಂತೆ ಪಾಪ."

"ಅದು ನಾನು."

ನಲವತ್ತು ವರ್ಷ ಹಾಜರಿ ಕೂಗಿದ ಮೇಷ್ಟ್ರಿಗೆ ಇಂಥ ಪ್ರಸಂಗ ಒದಗಿದ್ದು ಇದೇ ಮೊದಲು. ಅವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಆಮೇಲೆ ಅವರಿಂದ ಅಕ್ಕ ಪ್ರಕಟಣೆ, ಫಾರಂ, ವ್ಯಾನು, ತಂತಿ ಎಲ್ಲವನ್ನೂ ಎರಡು ನಿಮಿಷದಲ್ಲಿ ಹೊರತೆಗೆದಳು. ರೋಗಿಗಳ ಬಾಯಿ ಬಿಡಿಸುವುದು ಅವಳ ಕಸುಬು.

ಮೇಲೆ ಬಂದವಳು ಚಪ್ಪಲಿ ಬಿಟ್ಟು, ಯಾರನ್ನೂ ಮಾತಾಡಿಸದೆ ಒಳಕೋಣೆಗೆ ಹೋಗಿ ಹೊದಿಕೆ ಸರಿಸಿದಳು. ನಾಲ್ಕು ಕೊಡೆಗಳ ನಡುವೆ ಕೆಂಪು ದೀಪದ ಯಂತ್ರ ಗುರ್ ಎನ್ನುತ್ತಿತ್ತು. ಅಭ್ಯಾಸಬಲದಿಂದ ಅದರ ಮೇಲೆ ಅಂಗೈ ಇಟ್ಟು, "ಜ್ವರ ಇದೆ" ಎಂದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ನಾನು ಸಾಯ್ತಾ ಇದ್ದೀನಿ ಅಂತ ಬೀದಿಗೆಲ್ಲ ಹೇಳಿದ್ದು ಯಾರೋ?"

"ನಾನು ಹೇಳಲಿಲ್ಲ ಅಕ್ಕ. ಅವರೇ..."

"ಮುಗಿಸು."

"ಅಂದರೆ ಅವರೇ ಒಂಥರಾ..."

"ವಾಕ್ಯ ಮುಗಿಸೋ. ನಾನು ಕಾಯ್ತೀನಿ."

"ಅವರೇ ಹಾಗಂದುಕೊಂಡರು" ಎಂದ ಕೊಡೆಯಣ್ಣ. "ನಾನು ಅಲ್ಲ ಅನ್ನಲಿಲ್ಲ." ಹದಿನೇಳು ವರ್ಷದಲ್ಲಿ ಅವನು ತಾನಾಗಿ ಮುಗಿಸಿದ ಮೊದಲ ವಾಕ್ಯ ಇದಿರಬೇಕು.

"ಆ ತಂತಿ ದರ್ಜಿ ಅಂಗಡಿ ಮೇಲೆ ಕಿಡಿ ಹಾರಿಸ್ತಾ ಇದೆಯಂತೆ. ನಾಲ್ಕು ದಿನದಿಂದ ನನಗೋಸ್ಕರ ಹಾಗೇ ಬಿಟ್ಟಿದ್ದಾರೆ. ಆ ವ್ಯಾನು ಇನ್ಯಾರಿಗೋ ಬೇಕಾಗಿರುತ್ತೆ." ಅವಳು ಆಗಲೇ ಫೋನು ತೆಗೆದಿದ್ದಳು. ವ್ಯಾನಿನವರಿಗೆ ತನ್ನ ಹುದ್ದೆ ಹೇಳಿ, ರೋಗಿ ನಡೆದಾಡುತ್ತಿದ್ದಾರೆ, ಬರುವುದು ಬೇಡ ಎಂದಳು. "ಈಗ ಕೆಳಗೆ ನಡಿ. ನಿಜ ಹೇಳು."

"ಹೇಳಿದರೆ ಈಗಲೇ ಕರೆಂಟು ತೆಗೀತಾರೆ ಅಕ್ಕ. ನೀನು ಆರಕ್ಕೆ ಹೊರಡ್ತೀಯ. ಹದಿನಾಲ್ಕು ಗಂಟೆ ಆಟ."

"ಗೊತ್ತು" ಎಂದಳು ಅಕ್ಕ. ಆ ಒಂದು ಮಾತನ್ನು ಮಾತ್ರ ಸ್ವಲ್ಪ ಮೆತ್ತಗೆ ಹೇಳಿದಳು.

ಎರಡೂಕಾಲಕ್ಕೆ ಕರೆಂಟ್ ಆಫೀಸಿನ ಸಾಹೇಬರು ಏಣಿ ಹೊತ್ತ ಲೈನ್‌ಮನ್ ಜೊತೆ ಬಂದಾಗ, ಬೀದಿಯೆಲ್ಲ ರೋಗಿಯನ್ನು ಬೀಳ್ಕೊಡಲು ಸೇರಿತ್ತು. ಕೊಡೆಯಣ್ಣ ಮೆಟ್ಟಿಲಿಳಿದು ಎಲ್ಲರ ನಡುವೆ ನಿಂತ.

"ಸಾರ್, ನಾಲ್ಕನೇ ಕಾಲಂನಲ್ಲಿ ಬರೆದಿರೋದು ಸುಳ್ಳು. ಒಳಗೆ ಓಡ್ತಾ ಇರೋದು ಹಳೇ ವಿಡಿಯೋ ಗೇಮು. ನಮ್ಮಕ್ಕ ಇವಳೇ, ಇಲ್ಲೇ ಇದ್ದಾಳೆ. ನಲವತ್ತೇಳು ವರ್ಷ, ಗಟ್ಟಿಮುಟ್ಟಾಗಿದ್ದಾಳೆ. ಸಹಿ ಹಾಕಿದ್ದು ನಾನು."

ಯಾರೂ ಮಾತಾಡಲಿಲ್ಲ. ನಾಲ್ಕು ದಿನದಿಂದ ಮಾತಾಡದೆ ಇದ್ದವರಿಗೆ ಅದು ಅಭ್ಯಾಸವೂ ಆಗಿತ್ತು. ಸಾಹೇಬರು ಅಕ್ಕನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಹಾಗಾದರೆ ನಾನು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಅದನ್ನು ಮುಗಿಸಿಕೊಡುವವರು ಯಾರೂ ಇರಲಿಲ್ಲ. ಕೊನೆಗೆ ಅವರು ಫೈಲು ಬಿಡಿಸಿದರು. ಅರ್ಜಿ ಮುಕ್ತಾಯಕ್ಕೂ ಕಾಲಂಗಳಿದ್ದವು. ಗುಣಮುಖ, ಸ್ಥಳಾಂತರ, ನಿಧನ. ಬಹಳ ಹೊತ್ತು ಯೋಚಿಸಿ ಮೊದಲನೆಯದಕ್ಕೆ ಗುರುತು ಹಾಕಿದರು. "ರೋಗಿ ಇಲ್ಲದ ಮೇಲೆ ನಾಲ್ಕರ ತನಕ ಕಾಯೋ ಹಾಗಿಲ್ಲ. ಮೂರಕ್ಕೆ ಕೆಲಸ ಶುರು."

"ಯಾವ ಗೇಮು?" ಎಂದು ಏಣಿಯ ಹಿಂದಿನಿಂದ ಲೈನ್‌ಮನ್ ಕೇಳಿದ.

"ಅದೇ, ಕಪ್ಪು ಕೋಟಿನವನು, ಮಾಳಿಗೆ ಮೇಲೆ ಹಾರ್ತಾನಲ್ಲ."

ಲೈನ್‌ಮನ್ ಏಣಿ ಕೆಳಗಿಟ್ಟ. "ಕಾಲರ್ ಸರಿಮಾಡ್ಕೊಳ್ಳೋನಾ? ಎಲ್ಲಿದ್ದಾನೆ ಈಗ?"

"ಗೋಪುರದ ಬಾಗಿಲಲ್ಲಿ."

"ಅಣ್ಣ, ಇನ್ನು ನಲವತ್ತು ನಿಮಿಷ ಇದೆ. ಇಲ್ಲಿ ಏನು ನಿಂತಿದ್ದೀರಿ?"

ಹೀಗೆ ಎಲ್ಲರೂ ಮೇಲೆ ಬಂದರು. ಕೋಪಗೊಂಡವರೂ ಬಂದರು. "ನಾಲ್ಕು ದಿನ ನಾನು ಕೆಮ್ಮಿಲ್ಲ" ಎಂದರು ಹೆಡ್‌ಮೇಷ್ಟ್ರು. "ಯಾತಕ್ಕೆ ಕೆಮ್ಮಲಿಲ್ಲ ಅಂತ ನೋಡೇ ಹೋಗ್ತೀನಿ." ತರಕಾರಿಯಮ್ಮ ತನ್ನ ಕ್ಯಾರೆಟ್ಟಿನ ಲೆಕ್ಕದಲ್ಲಿ ಮುಂದಿನ ಸಾಲು ಹಿಡಿದಳು. ಉಳಿದಿದ್ದ ಆಸನ ಒಂದೇ. ಅಕ್ಕ ಚಕ್ರದ ಕುರ್ಚಿಯಲ್ಲಿ ಕೂತು, ಚೀಲದಿಂದ ಹಳದಿಯಾದ ನೋಟ್‌ಬುಕ್ಕೊಂದನ್ನು ತೆಗೆದಳು. ಹಿಂದಿನಿಂದ ತಿರುಗಿಸಿದಳು. ಎಲ್ಲ ಮಾಳಿಗೆಗಳ ನಕ್ಷೆ ಇತ್ತು. ಕೊನೆಯಲ್ಲಿ 'ಗೋಪುರ' ಎಂದು ಬರೆದ ಹಾಳೆ ಖಾಲಿ ಇತ್ತು.

"ಇದನ್ನ ಇನ್ನೂ..." ಎಂದ ಕೊಡೆಯಣ್ಣ.

"ಟೀವಿ ನೋಡು."

ಬಾಗಿಲು ತೆರೆಯಿತು. ಟೀವಿ ಕಲ್ಲಾಗಲಿಲ್ಲ. ತುತ್ತೂರಿ ಶುರುವಾಯಿತು, ಗೋಪುರದ ಒಳಗೆಲ್ಲ ಕಿತ್ತಳೆ ಬೆಳಕು ಸುರಿಯಿತು. "ಅಬ್ಬ, ಎಂಥಾ ಕೋಟು" ಎಂದಳು ತರಕಾರಿಯಮ್ಮ. ಆ ಕ್ಷಣವೇ ಕ್ಯಾಮೆರಾ ಗೋಡೆಗೆ ತಿರುಗಿತು. ಕರಿಕೋಟಿನವನು ಟೋಪಿ ಎದೆಗಿಟ್ಟುಕೊಂಡು ಬಿದ್ದು ಸತ್ತ.

"ಇಷ್ಟೇನಾ?" ಎಂದರು ಮೇಷ್ಟ್ರು.

"ಬಾಗಿಲಿಂದ ಮತ್ತೆ ಬರ್ತಾನೆ ಸಾರ್" ಎಂದ ಲೈನ್‌ಮನ್.

ಅಕ್ಕ ಖಾಲಿ ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟಳು. ಅವನು ಸತ್ತಲ್ಲೆಲ್ಲ ಅವಳ ಪೆನ್ಸಿಲು ಒಂದು ಗೆರೆ ಎಳೆಯಿತು. ಐದನೇ ಸಾವಿನ ಹೊತ್ತಿಗೆ ಅರ್ಧ ಗೋಪುರ ಹಾಳೆಯ ಮೇಲಿತ್ತು. ಸಾಹೇಬರು ಗಡಿಯಾರ ನೋಡುತ್ತಾ ಬಾಗಿಲಿಗೆ ಒರಗಿ ನಿಂತಿದ್ದರು. "ಈ ಮನುಷ್ಯನಿಗೆ ಕಾಲರ್ ಆಮೇಲೆ ಸರಿಮಾಡ್ಕೋ ಅಂತ ಯಾರೂ ಹೇಳೋದಿಲ್ಲವಾ?" ಎಂದು ಅವರೇ ಸಿಡುಕಿದರು.

"ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ಹಾರಿದರೆ ಕಾಲರ್ ಮುಟ್ಟಲ್ಲ ಸಾರ್. ನಾನು ಮೂರು ವರ್ಷ ಆಡಿ ಕಂಡುಹಿಡಿದದ್ದು" ಎಂದು ಲೈನ್‌ಮನ್ ವಿನಯದಿಂದ ಹೇಳಿದ.

ಮೂರು ಗಂಟೆಯಾಯಿತು. ಸಾಹೇಬರು ಕೆಮ್ಮಿದರು. ಲೈನ್‌ಮನ್ ಎದ್ದ. "ಸೊಂಟದ ಬೆಲ್ಟು ಕಟ್ಕೋಬೇಕು ಸಾರ್. ಅವಸರದಲ್ಲಿ ಕಟ್ಟಬಾರದು ಅಂತ ನೀವೇ ಹೇಳ್ತೀರಿ." ಸಾಹೇಬರು ಟೀವಿ ನೋಡಿದರು, ಬೆಲ್ಟು ನೋಡಿದರು. "ಎರಡು ಸಲ ಪರೀಕ್ಷಿಸಿ ಕಟ್ಟು" ಎಂದರು. ಅವನು ಇಳಿದುಹೋದ.

"ಎಡಕ್ಕೆ ಎರಡು" ಎಂದಳು ಅಕ್ಕ. "ಹಿಂದಕ್ಕೆ ಒಂದು. ತಡಿ. ತಡಿಯೋ. ಈಗ."

ಟೀವಿಯ ತುಂಬ ಗೋಡೆ. ಕೊಡೆಯಣ್ಣ ಗೋಡೆ ನೋಡುತ್ತಾ ಹಾರಿದ. ಬೀಳಲಿಲ್ಲ.

ಗೋಪುರದ ನೆತ್ತಿ ಬಂತು. ಕೊನೆಯ ದೃಶ್ಯ ಶುರುವಾಯಿತು. ಕರಿಕೋಟಿನವನು ಮೊದಲ ಸಲ ಕೋಟಿನ ಗುಂಡಿ ಬಿಚ್ಚಿದ. ಯಾರೋ ಮೆಟ್ಟಿಲು ಹತ್ತಿ ಅವನ ಕಡೆ ಬರುವ ಹೆಜ್ಜೆ ಸದ್ದು. ಅಷ್ಟರಲ್ಲಿ ಕ್ಯಾಮೆರಾ ಮೆಲ್ಲಗೆ ಸರಿದು ಒಂದು ದೊಡ್ಡ ಹೊಗೆಗೂಡಿನ ಹಿಂದೆ ಹೋಗಿ ನಿಂತಿತು. ಆಮೇಲೆ ಅಲ್ಲಾಡಲಿಲ್ಲ.

ಎರಡು ನಿಮಿಷ ಬೀದಿಯವರೆಲ್ಲ ಇಟ್ಟಿಗೆ ನೋಡಿದರು. ಆಚೆಯಿಂದ ಅರ್ಥವಾಗದ ಭಾಷೆಯಲ್ಲಿ ಗಂಡಸಿನ ದನಿ, ಆಮೇಲೆ ಒಬ್ಬ ಹೆಂಗಸಿನ ನಗು. ಇಟ್ಟಿಗೆಯ ಬಲ ಅಂಚಿನಲ್ಲಿ ಕೋಟಿನ ತುದಿಯೊಂದು ಗಾಳಿಗೆ ಬಿಚ್ಚಿಕೊಂಡು ಇಳಿಯಿತು. ತುತ್ತೂರಿ ಈ ಸಲ ಅಳಲಿಲ್ಲ.

"ಇಟ್ಟಿಗೆ ಕೆಲಸ ಚೆನ್ನಾಗಿದೆ" ಎಂದರು ಹೆಡ್‌ಮೇಷ್ಟ್ರು, ನಿಷ್ಪಕ್ಷಪಾತವಾಗಿ. ಆಮೇಲೆ ನಾಲ್ಕು ದಿನದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದರು.

ಅಕ್ಕ ಚಕ್ರದ ಕುರ್ಚಿಯಲ್ಲಿ ಕತ್ತು ಪೂರ್ತಿ ಬಲಕ್ಕೆ ವಾಲಿಸಿ ಕೂತಿದ್ದಳು, ಟೀವಿಯ ಅಂಚಿನಿಂದ ಇಣುಕಿದರೆ ಹೊಗೆಗೂಡಿನ ಆಚೆ ಕಂಡೀತು ಎಂಬಂತೆ. ಕೊಡೆಯಣ್ಣನೂ ಹಾಗೇ ವಾಲಿದ್ದ. ಮಗಳು ಇಬ್ಬರನ್ನೂ ನೋಡಿ, "ಅತ್ತೆ, ಏನು ಕಾಣ್ತಾ ಇದೆ?" ಎಂದಳು.

"ಎಲ್ಲಾ ಕಾಣ್ತಾ ಇದೆ ಮಗಳೇ" ಎಂದಳು ಅಕ್ಕ.

ಕರೆಂಟು ಹೋಯಿತು. ಗುರ್ ಎನ್ನುವ ಸದ್ದು ಆರು ದಿನಗಳ ಮೇಲೆ ನಿಂತಿತು. ಹೊರಗೆ ಕಂಬದ ಮೇಲಿನಿಂದ ಲೈನ್‌ಮನ್ "ಆಯ್ತಾ ಅಣ್ಣ?" ಎಂದು ಕೂಗಿದ. "ಆಯ್ತಪ್ಪ" ಎಂದು ಸಾಹೇಬರೇ ಕೂಗಿ ಹೇಳಿದರು.

ಜನ ಎದ್ದು ಹೊರಡತೊಡಗಿದಾಗ ಕೊಡೆಯಣ್ಣ ಬಾಗಿಲಿಗೆ ಹೋಗಿ ನಿಂತ. "ಒಂದು ಮಾತು" ಎಂದ. ಅಭ್ಯಾಸದಿಂದ ಎಲ್ಲರೂ ಮುಗಿಸಿಕೊಡಲು ಬಾಯಿ ತೆರೆದರು. ಅಕ್ಕ ಕೈ ಎತ್ತಿ ತಡೆದಳು.

"ನೀವೆಲ್ಲ ನಾಲ್ಕು ದಿನ ಬಾಯಿ ಕಟ್ಟಿಕೊಂಡು ಇದ್ದಿರಿ. ನಮ್ಮಕ್ಕ ಯಾರು ಅಂತ ನಿಮಗೆ ಗೊತ್ತೂ ಇರಲಿಲ್ಲ. ಸೂಪು ತಂದುಕೊಟ್ಟಿರಿ. ಅವಳಿಗೆ ನಿಜವಾಗಿ ಏನಾದರೂ ಆದರೆ ಹೀಗೇ ಇರ್ತೀರಿ ಅಂತ ನನಗೆ ಈಗ ಗೊತ್ತಾಯ್ತು. ನಾನು ಸುಳ್ಳು ಹೇಳಿ ತಗೊಂಡೆ, ನೀವು ನಿಜವಾಗಿ ಕೊಟ್ಟಿರಿ. ಬಹಳ ಉಪಕಾರ ಆಯ್ತು."

ತರಕಾರಿಯಮ್ಮ ಮೂಗೊರೆಸಿಕೊಂಡು, "ಕ್ಯಾರೆಟ್ಟು ಉಳಿದಿದ್ರೆ ವಾಪಸು ಕೊಡಪ್ಪ" ಎಂದಳು. ಹೆಂಡತಿ ಒಳಗೆ ಹೋಗಿ ಚೀಲ ತಂದಳು, ಜೊತೆಗೆ ಎಲ್ಲರ ಪಾತ್ರೆಗಳನ್ನು ತೊಳೆದು ಒಂದೊಂದಾಗಿ ಕೊಟ್ಟಳು. ಒಂದೊಂದರ ಹಿಡಿಗೂ ಕೊಡೆಯಣ್ಣನ ಕೈಬರಹದ ಚೀಟಿ ಕಟ್ಟಿತ್ತು.

ಆರರ ಬಸ್ಸಿಗೆ ಅವನೇ ಅಕ್ಕನನ್ನು ಹತ್ತಿಸಿದ. ಅವಳು ಕಿಟಕಿಯಿಂದ ಕೈ ಚಾಚಿ, ನರೆ ಬಂದ ಅವನ ತಲೆಗೊಂದು ಮೊಟಕಿದಳು.

ಕೊನೆಯ ಭಾಗವನ್ನು ಅಕ್ಕನಿಲ್ಲದೆ ಆಡುವುದಿಲ್ಲ, ನೋಡುವುದೂ ಇಲ್ಲ ಎಂದು ಇಪ್ಪತ್ತಾರು ವರ್ಷದ ಹಿಂದೆ ಕೊಟ್ಟ ಮಾತು, ಶನಿವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಈಡೇರಿತು.